ಗುಟ್ಟಿನ ಧ್ವನಿಮುದ್ರಣ: ಮಕ್ಕಳನ್ನು ಹೊರಗಿಡಿ

ಪತಿ ಅಥವಾ ಪತ್ನಿ ಗುಟ್ಟಾಗಿ ಮುದ್ರಿಸಿಕೊಂಡ ತಮ್ಮಿಬ್ಬರ ಮಾತುಕತೆಯನ್ನು ವಿಚ್ಛೇದನ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದು ಎಂದು ಸುಪ್ರೀಂ ಕೋರ್ಟ್‌ 2025ರ ಜುಲೈ 14ರಂದು ಹೇಳಿದೆ. ಬಠಿಂಡಾದ ಕೌಟುಂಬಿಕ ನ್ಯಾಯಾಲಯದಲ್ಲಿ ಕ್ರೌರ್ಯದ ಆರೋಪದ ಮೇಲೆ ಹೂಡಲಾಗಿದ್ದ ಪ್ರಕರಣ ಇದು. ಖಾಸಗಿತನದ ಕಾರಣ ನೀಡಿ ಇಂಥ ಸಾಕ್ಷ್ಯವನ್ನು ತಳ್ಳಿಹಾಕಿದ್ದ ಪಂಜಾಬ್‌ ಮತ್ತು ಹರಿಯಾಣ ಹೈಕೋರ್ಟ್‌ನ ಆದೇಶ ಈಗ ರದ್ದಾಗಿದೆ. ಮಾನಸಿಕ ಕ್ರೌರ್ಯ ನಡೆಯುವುದು ನಾಲ್ಕು ಗೋಡೆಗಳ ನಡುವೆ. ಅದಕ್ಕೆ ಹೊರಗಿನ ಸಾಕ್ಷಿ ಸಿಗುವುದು ಅಪರೂಪ. ತೀರ್ಪು ಸರಿಯಾಗಿಯೇ ಇದೆ.

ಆತಂಕ ಇರುವುದು ಮಕ್ಕಳ ವಿಷಯದಲ್ಲಿ. ವಿಚ್ಛೇದನದ ಬೆನ್ನಿಗೇ ಸುಪರ್ದಿಯ ಜಗಳವೂ ಬರುತ್ತದೆ. ತಾಯಿಯ ಅಥವಾ ತಂದೆಯ ವಿರುದ್ಧ ಮಗುವಿನಿಂದಲೇ ಮಾತು ಹೊರಡಿಸಿ ಮೊಬೈಲ್‌ನಲ್ಲಿ ಹಿಡಿದಿಡುವುದಕ್ಕೆ ಈ ತೀರ್ಪು ಪರವಾನಗಿ ಆಗಕೂಡದು. ಅಂತಹ ಮುದ್ರಣವನ್ನು ಕೌಟುಂಬಿಕ ನ್ಯಾಯಾಲಯಗಳು ಸಾರಾಸಗಟಾಗಿ ತಿರಸ್ಕರಿಸಬೇಕು. ಮಗುವಿನ ಮನಸ್ಸು ತಿಳಿಯಲು ನ್ಯಾಯಾಧೀಶರೇ ಅದರೊಂದಿಗೆ ಏಕಾಂತದಲ್ಲಿ ಮಾತನಾಡುವ ಕ್ರಮ ಹೇಗೂ ಇದೆ. ಇನ್ನೊಂದು ಎಚ್ಚರಿಕೆಯೂ ಬೇಕು: ಮುದ್ರಿತ ಧ್ವನಿಯ ಅಸಲಿಯತ್ತಿನ ಪರೀಕ್ಷೆ ಮುಗಿದಿಲ್ಲವೆಂಬ ನೆಪದಲ್ಲಿ ಮಧ್ಯಂತರ ಜೀವನಾಂಶವನ್ನು ತಡೆಯುವುದೂ ಸಲ್ಲದು. ನೋಟಿಸ್‌ ತಲುಪಿದ 60 ದಿನಗಳೊಳಗೆ, ಸಾಧ್ಯವಾದಮಟ್ಟಿಗೆ, ಇಂಥ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು ಎಂದು ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್‌ ಹೇಳುತ್ತದೆ. ನ್ಯಾಯಾಲಯಗಳು ಆ ಗಡುವನ್ನು ಪಾಲಿಸಲಿ.