ಎರಡು ಚಾಕುವಿನ ನೆಪ

ಹಾನಗಲ್ಲ ಹತ್ತಿರದ ನಮ್ಮ ಕಾಕಾನ ಮನೆಯಲ್ಲಿ ಒಂದು ಡಿಶ್‌ವಾಷರ್ ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಹೋದ ದೀಪಾವಳಿಗೆ ತಂದಿಟ್ಟದ್ದು. ಅದರ ಮೇಲೆ ಹಳೆಯ ಟವೆಲ್ಲು, ಟವೆಲ್ಲಿನ ಮೇಲೆ ಕುಡಿಯುವ ನೀರಿನ ಕೊಡ. ನಾನು ಹೋದಾಗ ಪಕ್ಕದ ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚಿಗವ್ವ ಒಂಬತ್ತು ಜನ ಉಂಡೆದ್ದ ಮುಸುರೆ ತಿಕ್ಕುತ್ತಿದ್ದಳು.

“ಯಾಕ ಚಿಗವ್ವಾ, ಇದನ್ನ ಹಚ್ಚೂದಿಲ್ಲೇನು?”

“ಅದರಾಗ ಹಾಕಿದ್ರ ಚಾಕು ಮೊಂಡ ಆಗ್ತಾವಂತಪ್ಪಾ. ನಿಮ್ಮ ಕಾಕಾ ಬ್ಯಾಡಂದಾರ.”

ಎಣಿಸಿ ನೋಡಿದೆ. ಆ ಮನೆಯಲ್ಲಿರುವ ಚಾಕುಗಳು ಎರಡು. ಜೊತೆಗೆ ಒಂದು ಈಳಿಗೆ. ಇವು ಮೂರರ ಹಿತಕ್ಕಾಗಿ ಐವತ್ತಾರು ವರ್ಷದ ಹೆಂಗಸು ದಿನಕ್ಕೆ ಮೂರು ಸಲ ಬಚ್ಚಲಲ್ಲಿ ಕೂರುತ್ತಾಳೆ. ಈ ಬರಹ ಆ ನೆಪದ ವಿರುದ್ಧ.

ಮೊದಲು ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಕಾಕಾ ಹೇಳಿದ್ದು ಸುಳ್ಳಲ್ಲ, ಡಿಶ್‌ವಾಷರ್ ಚಾಕುವನ್ನು ಕೆಡಿಸುತ್ತದೆ. ಚಮಚ, ತಾಟುಗಳಿಗೆ ಬಳಸುವ ಸ್ಟೀಲಿನಲ್ಲಿ ಸಾಮಾನ್ಯವಾಗಿ ಶೇಕಡಾ 18ರಷ್ಟು ಕ್ರೋಮಿಯಂ, ಜೊತೆಗೆ ನಿಕ್ಕಲ್ ಇರುತ್ತದೆ. ಚಾಕುವಿನ ಅಲಗಿಗೆ ಗಡಸುತನ ಬೇಕು, ಅದಕ್ಕೆ ಇಂಗಾಲ ಹೆಚ್ಚು ಹಾಕುತ್ತಾರೆ. ಇರುವ ಕ್ರೋಮಿಯಂನಲ್ಲಿ ಒಂದು ಪಾಲು ಆ ಇಂಗಾಲದ ಜೊತೆ ಸೇರಿಕೊಂಡುಬಿಡುತ್ತದೆ. ಹಾಗಾಗಿ ತುಕ್ಕು ತಡೆಯುವ ಶಕ್ತಿ ಚಮಚಕ್ಕಿಂತ ಚಾಕುವಿಗೆ ಕಡಿಮೆ. ಊಟದ ಉಪ್ಪು, ಕ್ಷಾರದ ಪುಡಿ, ಬಿಸಿನೀರು, ತೊಳೆದಾದ ಮೇಲೂ ಒಳಗೇ ನಿಲ್ಲುವ ಹಬೆ, ಇವೆಲ್ಲ ಸೇರಿದರೆ ಅಲಗಿನ ಮೇಲೆ ಸಣ್ಣ ಕಂದು ಚುಕ್ಕೆ ಏಳುತ್ತವೆ. ನೀರಿನ ಹೊಡೆತಕ್ಕೆ ಚಾಕು ಅಲುಗಾಡಿ ಪಕ್ಕದ ಪಾತ್ರೆಗೆ ಬಡಿದರೆ ಬಾಯಿ ಮುಕ್ಕಾಗುತ್ತದೆ. ಕಟ್ಟಿಗೆ ಹಿಡಿಕೆ ನೀರು ಕುಡಿದು ಉಬ್ಬಿ, ಒಣಗಿ ಸೀಳುತ್ತದೆ. ಇನ್ನು ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಈಳಿಗೆಯನ್ನಂತೂ ಒಂದೇ ಒಂದು ಸಲವೂ ಅದರೊಳಗೆ ಇಡಬಾರದು. ಹೊರಬರುವಾಗ ಕೆಂಪಗಾಗಿರುತ್ತದೆ.

ಆದರೆ ಈ ನಿಜದ ಜೊತೆ ಒಂದೆರಡು ಕಟ್ಟುಕತೆಗಳೂ ಓಡಾಡುತ್ತಿವೆ. ಯಂತ್ರದ ಬಿಸಿಗೆ ಉಕ್ಕಿನ ಹದವೇ ಇಳಿಯುತ್ತದೆ ಎನ್ನುವುದು ಒಂದು. ಅಲಗಿಗೆ ಹದ ಕೂಡಿಸುವುದು ಸಾಮಾನ್ಯವಾಗಿ 150 ಡಿಗ್ರಿಗಿಂತ ಮೇಲಿನ ಕಾವಿನಲ್ಲಿ. ಯಂತ್ರದ ನೀರು 70 ಡಿಗ್ರಿಯ ಆಸುಪಾಸು ದಾಟುವುದಿಲ್ಲ. ಹದಕ್ಕೇನೂ ಆಗುವುದಿಲ್ಲ. “ನಮ್ಮ ಬೂದಿ ಸಾತ್ವಿಕ, ಯಂತ್ರದ ಪುಡಿ ರಾಸಾಯನಿಕ” ಎನ್ನುವುದು ಇನ್ನೊಂದು. ಕಟ್ಟಿಗೆಯ ಬೂದಿಯಲ್ಲಿ ಜಿಡ್ಡು ತೆಗೆಯುವುದು ಪೊಟ್ಯಾಸಿಯಂ ಕಾರ್ಬೊನೇಟ್; ಯಂತ್ರದ ಪುಡಿಯಲ್ಲಿ ಮುಖ್ಯವಾಗಿರುವುದು ಅದರ ತಮ್ಮನಂಥ ಸೋಡಿಯಂ ಕಾರ್ಬೊನೇಟ್. ಎರಡೂ ಕ್ಷಾರವೇ. ಬೂದಿ ಚಾಕುವಿನ ಮೇಲೆ ಅರ್ಧ ನಿಮಿಷ ಇರುತ್ತದೆ, ಯಂತ್ರದಲ್ಲಿ ಚಾಕು ಒಂದೆರಡು ತಾಸು ನೆನೆಯುತ್ತದೆ. ವ್ಯತ್ಯಾಸ ಅಷ್ಟು.

ಹಾಗಾದರೆ ಚಾಕುವಿಗೆ ಏನು ಮಾಡಬೇಕು? ಹೆಚ್ಚಿದ ಕೂಡಲೇ ಕೈಯಿಂದ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಜಾಗದಲ್ಲಿ ಇಡಬೇಕು. ಈಳಿಗೆಗೆ ಬೆರಳ ತುದಿಯಷ್ಟು ಎಣ್ಣೆ ಸವರಬೇಕು. ಗಡಿಯಾರ ಹಿಡಿದು ಮಾಡಿದ್ದೇನೆ, ಒಂದು ಚಾಕುವಿಗೆ ನಲವತ್ತು ಸೆಕೆಂಡು ಸಾಕು. ತಾಟು, ವಾಟಗ, ಚಮಚ, ಲೋಟ ಯಂತ್ರಕ್ಕೆ ಹೋಗಲಿ. ಚಾಕು ಕೆಡುತ್ತದೆ ಎಂಬ ಮಾತಿನಿಂದ “ಚಾಕುವನ್ನು ಅದರಲ್ಲಿ ಹಾಕಬೇಡಿ” ಎಂದಷ್ಟೇ ತೀರ್ಮಾನ ಹೊರಡುತ್ತದೆ. “ಯಂತ್ರವೇ ಬೇಡ” ಎಂಬ ತೀರ್ಮಾನ ಎಲ್ಲಿಂದ ಬಂತು?

ನನ್ನ ಸಂಶೋಧನೆ ಮನೆಬಳಕೆಯ ಸಲಕರಣೆಗಳ ಹೆಸರುಗಳ ಮೇಲೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಅದಕ್ಕಾಗಿ ತಿರುಗುವಾಗ ಈ ಪ್ರಶ್ನೆಯನ್ನೂ ಜೇಬಿನಲ್ಲಿಟ್ಟುಕೊಂಡೆ. ಶಿಗ್ಗಾವಿಯ ಸಂತೆಯಲ್ಲಿ ಸಾಣೆ ಹಿಡಿಯುವವರೊಬ್ಬರು ನನ್ನ ಮಾತು ಕೇಳಿ ನಕ್ಕರು. “ನೀರಿಗಿಂತ ಮೊದಲ ಕಲ್ಲು ಚಾಕು ತಿಂತೈತ್ರೀ ಸರ. ಮಂದಿ ಅಡಗಿ ಕಟ್ಟಿ ಮ್ಯಾಲ ಇಟ್ಟ ಹೆಚ್ತಾರ, ಡಬ್ಬಿ ಮುಚ್ಚಳಾ ಚಾಕುದಾಗ ತಗೀತಾರ. ಕೆಟ್ಟಮ್ಯಾಲ ಚಾಕು ಸರಿ ಇಲ್ಲಂತಾರ.” ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಾಟಿನ ಮೇಲೆ ಹೆಚ್ಚುವುದನ್ನು ಬಿಟ್ಟು ಕಟ್ಟಿಗೆಯ ಮಣೆ ಬಳಸಿದರೆ ಅರ್ಧ ಕಾಳಜಿ ಮುಗಿದಂತೆ.

ಹಿರೇಕೆರೂರು ಕಡೆಯ ಒಂದು ಕುಲುಮೆಯಲ್ಲಿ ಕೇಳಿದ್ದು ಮನಸ್ಸಿಗೆ ಇನ್ನೂ ಚುಚ್ಚುತ್ತದೆ. “ಕುಡಗೋಲು ತರತಾರ, ಕೊಡ್ಲಿ ತರತಾರ. ಸುಗ್ಗಿ ಮುಂದ ಪಾಳಿ ಹಚ್ತಾರ. ಈಳಗಿ ತಂದವರನ್ನ ನೋಡಿ ವರ್ಷಾತ್ರೀ.” ಹೊಲದ ಅಲಗಿಗೆ ಕುಲುಮೆ ಇದೆ, ಪಾಳಿ ಇದೆ, ಕೂಲಿ ಇದೆ. ಅಡುಗೆಮನೆಯ ಅಲಗನ್ನು ಹೆಂಗಸೇ ಹಿತ್ತಲ ಕಲ್ಲಿಗೆ ನಾಲ್ಕು ಸಲ ಉಜ್ಜಿಕೊಳ್ಳಬೇಕು. ನಮ್ಮ ಕಾಕಾ ಹತ್ತು ವರ್ಷದಲ್ಲಿ ಆ ಎರಡು ಚಾಕುಗಳನ್ನು ಒಂದು ಸಲವೂ ಸಾಣೆಗೆ ಒಯ್ದವನಲ್ಲ. ಚಾಕುವಿನ ಮೇಲೆ ಅವನಿಗೆ ಪ್ರೀತಿ ಹುಟ್ಟಿದ್ದು ಯಂತ್ರ ಮನೆಗೆ ಬಂದ ದಿನ.

ಅವನೊಬ್ಬನನ್ನೇ ಬೈದು ನಾನು ಪಾರಾಗಲಾರೆ. ಬಿ.ಎ. ಓದುವಾಗ ಅಜ್ಜಿಯ ಈಳಿಗೆಯ ಮೇಲೆ ಕವಿತೆ ಬರೆದು ಬಹುಮಾನ ತೆಗೆದುಕೊಂಡವನು ನಾನು. ಆ ಈಳಿಗೆಯನ್ನು ಒಂದು ದಿನವೂ ತೊಳೆದಿರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಚಟ ಉಂಟು: ಕೈಕೆಲಸವನ್ನು ಹಾಡಿ ಹೊಗಳುತ್ತೇವೆ, ಆ ಕೈ ಯಾರದು ಎಂದು ಕೇಳುವುದಿಲ್ಲ. ಯಂತ್ರ ಬಂದು ಸಂಸ್ಕೃತಿ ಹೋಯಿತು ಎಂದು ಮರುಗುವವರ ಮನೆಯಲ್ಲಿ ಆ ಸಂಸ್ಕೃತಿ ಯಾರ ಸೊಂಟದ ಮೇಲೆ ನಿಂತಿತ್ತು ಎಂದು ಒಮ್ಮೆ ವಿಚಾರಿಸಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಲೆಕ್ಕ ಕೊಟ್ಟಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಶೇಕಡಾ 81.2, ಗಂಡಸರು ಶೇಕಡಾ 26.1. ತೊಡಗಿದವರಲ್ಲಿ ಹೆಂಗಸು ದಿನಕ್ಕೆ 299 ನಿಮಿಷ ದುಡಿದರೆ ಗಂಡಸು 97 ನಿಮಿಷ.

ಪಾತ್ರೆ ತೊಳೆಯುವ ಯಂತ್ರದ ಇತಿಹಾಸವೂ ನಗು ತರಿಸುವಂಥದ್ದು. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕಾಕ್ರನ್ ಎಂಬ ಹೆಣ್ಣುಮಗಳು 1886ರಲ್ಲಿ ಇದಕ್ಕೆ ಪೇಟೆಂಟ್ ಪಡೆದಳು. ಕೈಯಿಂದ ತೊಳೆಯುವಾಗ ತನ್ನ ಪಿಂಗಾಣಿ ತಟ್ಟೆಗಳು ಮುಕ್ಕಾಗುತ್ತಿವೆ ಎಂಬುದೇ ಅವಳ ದೂರಾಗಿತ್ತು! ಪಾತ್ರೆ ಉಳಿಸಲೆಂದೇ ಹುಟ್ಟಿದ ಯಂತ್ರವನ್ನು ನಾವು ಪಾತ್ರೆ ಪದಾರ್ಥ ಕೆಡಿಸುವ ಯಂತ್ರವೆಂದು ದೂರವಿಟ್ಟಿದ್ದೇವೆ.

ಕೆಲವು ಆಕ್ಷೇಪಗಳು ನ್ಯಾಯವಾದವು. ಬೆಲೆ ಹೆಚ್ಚು. ಕರೆಂಟು ಹೋಗುತ್ತದೆ. ಕೊಳವೆಬಾವಿಯ ಗಡಸು ನೀರಿಗೆ ಬೇರೆ ಉಪ್ಪು ಹಾಕಬೇಕು. ರೊಟ್ಟಿ ಹಂಚು, ಕಬ್ಬಿಣದ ಬಾಣಲೆ ಅದರಲ್ಲಿ ಹಾಕುವಂತಿಲ್ಲ. ಯಂತ್ರ ಕೊಳ್ಳಲಾಗದ ಮನೆಗಳೇ ನಮ್ಮ ಸೀಮೆಯಲ್ಲಿ ಹೆಚ್ಚು. ಅಂಥ ಮನೆಗಳಿಗೆ ಯಂತ್ರ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಉಂಡವರು ತಮ್ಮ ತಾಟು ತಾವು ತೊಳೆಯಲಿ, ಅದಕ್ಕೆ ಕರೆಂಟು ಬೇಡ. ಆದರೆ ಯಂತ್ರ ಮನೆಯೊಳಗೆ ಬಂದು ಕೂತ ಮೇಲೂ ಅದರ ಮೇಲೆ ಕೊಡ ಇಡಿಸುವುದು ಬೆಲೆಯ ಪ್ರಶ್ನೆಯೂ ಅಲ್ಲ, ನೀರಿನದೂ ಅಲ್ಲ. ಹೆಂಗಸಿಗೆ ಬಿಡುವು ಸಿಕ್ಕರೆ ಏನೋ ಕೆಡುತ್ತದೆ ಎಂಬ ಅಂಜಿಕೆ ಅದು. ಆ ಅಂಜಿಕೆಗೆ ಚಾಕು ಎಂದು ಹೆಸರಿಟ್ಟಿದ್ದೇವೆ.

ಸವಣೂರಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಎರಡು ವರ್ಷದಿಂದ ಈ ಯಂತ್ರ ಬಳಸುತ್ತಿದ್ದಾರೆ. ಮೊದಲ ತಿಂಗಳು ತಿಳಿಯದೆ ಕಟ್ಟಿಗೆ ಹಿಡಿಕೆಯ ಚಾಕು ಹಾಕಿ ಸೀಳಿಸಿಕೊಂಡರಂತೆ. ಈಗ ಚಾಕು ಬೇರೆ ತೊಳೆಯುತ್ತಾರೆ. “ಒಂದ ಚಾಕು ಹೋತು, ನನ್ನ ಸೊಂಟ ಉಳೀತು” ಎಂದರು.

ಮರಳಿ ಹಾನಗಲ್ಲಿಗೆ ಹೋದಾಗ ಕಾಕಾನಿಗೆ ಒಂದು ಒಪ್ಪಂದ ಹೇಳಿದೆ. ಎರಡು ಚಾಕು, ಒಂದು ಈಳಿಗೆ ನಿನ್ನ ಪಾಲು: ತೊಳೆಯುವುದು, ಒರೆಸುವುದು, ಆರು ತಿಂಗಳಿಗೊಮ್ಮೆ ಸಾಣೆಗೆ ಒಯ್ಯುವುದು. ದಿನಕ್ಕೆ ಐದಾರು ನಿಮಿಷದ ಕೆಲಸ. ಉಳಿದದ್ದು ಯಂತ್ರಕ್ಕಿರಲಿ. ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಾಕಾ “ನೋಡೂಣು” ಅಂದ. ಕೊಡ ಇನ್ನೂ ಅಲ್ಲೇ ಇದೆ.