ಬಾಗಿಲು ಮುಚ್ಚಿದವರಿಗೂ ಧೈರ್ಯವಿತ್ತು

2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿದ ಸುದ್ದಿ ಕೇಳಿದಾಗ ನಮ್ಮೆಲ್ಲರ ಮನೆಗಳಲ್ಲೂ ಭಯ ಕಾಲಿಟ್ಟಿತ್ತು. ಆಗ ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಒಂದೇ ಮಾತು: ದೇವರಿದ್ದಾರೆ, ಧೈರ್ಯದಿಂದಿರಿ. ಮಾತು ಸುಲಭ. ಆದರೆ ಮರುವಾರ ಮಕ್ಕಳನ್ನು ಕರೆದುಕೊಂಡು ಪೂಜೆಗೆ ಹೊರಡುವ ತಾಯಿಯ ಪಾಲಿಗೆ ಆ ಧೈರ್ಯ ಅಂದರೆ ಏನು? ಈ ಪ್ರಶ್ನೆಗೆ ನೆರೆಯ ಶ್ರೀಲಂಕಾದ ಕಥೋಲಿಕರು ಕೊಟ್ಟ ಉತ್ತರವನ್ನು ನಾವು ಇನ್ನೂ ಸರಿಯಾಗಿ ಓದಿಕೊಂಡಿಲ್ಲ ಎಂದು ನನ್ನ ಅಭಿಪ್ರಾಯ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋನಿಯವರ ಪುಣ್ಯಕ್ಷೇತ್ರ, ನೆಗೊಂಬೊ ಸಮೀಪದ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚ್, ಬಟ್ಟಿಕಲೋವಾದ ಝಯಾನ್ ಚರ್ಚ್ ಮತ್ತು ಕೊಲಂಬೊದ ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದವು. 260ಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ಹೊಸ ಬಟ್ಟೆಯಲ್ಲಿ ಬಂದಿದ್ದ ಮಕ್ಕಳೂ ಅವರಲ್ಲಿದ್ದರು.

ಮುಂದಿನ ಭಾನುವಾರ ಕೊಲಂಬೊದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಮಾಲ್ಕಮ್ ರಂಜಿತ್ ಚರ್ಚುಗಳಲ್ಲಿ ಬಹಿರಂಗ ಬಲಿಪೂಜೆ ಬೇಡವೆಂದರು. ತಾವೇ ಪೂಜೆ ಅರ್ಪಿಸಿದರು, ಜನ ಮನೆಯಲ್ಲಿ ಕುಳಿತು ಟಿವಿಯಲ್ಲಿ ಪಾಲ್ಗೊಂಡರು. ವಿಶ್ವಾಸವಿದ್ದವರು ಬಾಗಿಲು ಹಾಕುವುದೇ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ನಮ್ಮ ವಾಳೆಗಳಲ್ಲೂ ಇದ್ದಾರೆ. ಅವರು ಸಂತ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯವನ್ನು ತೆರೆದು ನೋಡಬೇಕು. ಪುನರುತ್ಥಾನದ ದಿನ ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡಿದ್ದರು. ಅದು ನಮಗೆಲ್ಲ ಗೊತ್ತು. ಎಂಟು ದಿನಗಳ ನಂತರ, ಪ್ರಭುವನ್ನು ಕಣ್ಣಾರೆ ಕಂಡ ಮೇಲೆಯೂ, ಬಾಗಿಲು ಹಾಕಿಯೇ ಇತ್ತು! ಯೇಸು ಅದಕ್ಕಾಗಿ ಅವರನ್ನು ಗದರಿಸಲಿಲ್ಲ, ಒಳಗೇ ಬಂದು ನಿಂತರು. ಕುರಿಗಳನ್ನು ಕಾಯುವವನು ತೋಳ ಬಂದಾಗ ಕೊಟ್ಟಿಗೆಯ ಬಾಗಿಲು ಹಾಕಿದರೆ ಅದು ಹೇಡಿತನವಲ್ಲ.

ನಿಜವಾದ ಪರೀಕ್ಷೆ ಬೇರೆ ಕಡೆಯಿತ್ತು. ಮೇ 5ರಂದು ನೆಗೊಂಬೊದಲ್ಲಿ ಕ್ರೈಸ್ತರು ಮತ್ತು ಮುಸ್ಲಿಮರ ನಡುವೆ ಘರ್ಷಣೆ ನಡೆಯಿತು. ಭಯ ಸಿಟ್ಟಾಗಿ ತಿರುಗುವುದಕ್ಕೆ ಎರಡು ವಾರ ಸಾಕಾಯಿತು. ಆಗ ಕಾರ್ಡಿನಲ್ ತಮ್ಮ ಜನರನ್ನೇ ತಡೆದರು. ಯಾವ ಮುಸ್ಲಿಮನ ಮೇಲೂ ಕೈ ಮಾಡಬೇಡಿ ಎಂದು ಬೇಡಿಕೊಂಡರು, ಮದ್ಯ ಮಾರಾಟ ನಿಲ್ಲಿಸಿ ಎಂದೂ ಕೇಳಿದರು. ಶತ್ರುವಿನ ಎದುರು ನಿಲ್ಲುವುದಕ್ಕಿಂತ ದುಃಖದಲ್ಲಿ ಬೇಯುತ್ತಿರುವ ಸ್ವಂತ ಜನರ ಎದುರು ನಿಂತು ಹೀಗೆ ಹೇಳುವುದು ಕಷ್ಟ. ಆ ಜನರಲ್ಲಿ ಬಹುಪಾಲು ಕೇಳಿದರು ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕ್ಷಮಿಸಿದ್ದೇವೆ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ದಾಳಿಯ ಬಗ್ಗೆ ಭಾರತದಿಂದ ಮುನ್ಸೂಚನೆ ಹೋಗಿತ್ತು, ಕೊಲಂಬೊದಲ್ಲಿ ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಏಕೆ ಎಂಬ ಪ್ರಶ್ನೆಯನ್ನು ಕಾರ್ಡಿನಲ್ ಸರ್ಕಾರದಿಂದ ಸರ್ಕಾರಕ್ಕೆ, 2022ರಲ್ಲಿ ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಗೂ ಒಯ್ದರು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ತಮ್ಮ ಕೈಯಿಂದಲೇ 10 ಕೋಟಿ ಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಕ್ಷಮೆ ಕೊಟ್ಟ ಮೇಲೆ ನ್ಯಾಯ ಕೇಳಬಾರದು ಎಂಬ ತಪ್ಪು ತಿಳುವಳಿಕೆ ನಮ್ಮಲ್ಲೂ ಇದೆ. 2008ರ ನಂತರ ನಮ್ಮಲ್ಲಿ ಎಷ್ಟು ಮಂದಿ ಸಾಕ್ಷಿ ಹೇಳಲು ಮುಂದೆ ಬಂದೆವು, ಎಷ್ಟು ಮಂದಿ "ನಮಗೇಕೆ ಪೊಲೀಸು, ಕೋರ್ಟು" ಎಂದು ಮನೆಯೊಳಗೆ ಉಳಿದೆವು? ಓದುಗರು ತಾವೇ ಯೋಚಿಸಲಿ.

ಈ ಲಂಕೆಗೆ ನಮ್ಮ ಕರಾವಳಿಯ ನಂಟು ಹಳೆಯದು. ಗೋವಾದ ಸಂತ ಜೋಸೆಫ್ ವಾಜ್ 1681ರಿಂದ ಮೂರು ವರ್ಷ ಕೆನರಾದಲ್ಲಿ ದುಡಿದವರು. ಡಚ್ಚರು ಕಥೋಲಿಕ ಧರ್ಮಗುರುಗಳನ್ನು ಓಡಿಸಿದ್ದ ಲಂಕೆಗೆ 1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಇಳಿದರು. ಅಲ್ಲಿನ ವಿಶ್ವಾಸಿಗಳು ಸುಮಾರು ಮೂವತ್ತು ವರ್ಷ ಗುರುವಿಲ್ಲದೆ ಉಳಿದಿದ್ದರು. ಯಾರು ಕಥೋಲಿಕರು ಎಂದು ಕೇಳುವಂತಿರಲಿಲ್ಲ. ಕೊರಳಲ್ಲಿ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಕಣ್ಣು ಅರಳುತ್ತದೆ ಎಂದು ನೋಡಿದರು. ವೇಷ ಮರೆಸುವುದೂ, ಜಪಸರ ತೋರಿಸುವುದೂ ಒಂದೇ ಮನುಷ್ಯನ ಧೈರ್ಯವಾಗಿತ್ತು. 2015ರ ಜನವರಿ 14ರಂದು ಕೊಲಂಬೊದಲ್ಲೇ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಮುಡಿಪು ಗುಡ್ಡಕ್ಕೆ ಹೋಗುವ ನಮ್ಮವರು ಅವರಲ್ಲಿ ಕಾಯಿಲೆ ವಾಸಿಯಾಗಲಿ, ಕೆಲಸ ಸಿಗಲಿ ಎಂದು ಬೇಡುತ್ತಾರೆ. ಬೇಡಲಿ. ಧೈರ್ಯವನ್ನೂ ಕೇಳಬಹುದು.

ಕೊಚ್ಚಿಕಡೆಯ ಪುಣ್ಯಕ್ಷೇತ್ರ 2019ರ ಜೂನ್ 12ರಂದು, ಸಂತ ಅಂತೋನಿಯವರ ಹಬ್ಬದ ಮುನ್ನಾದಿನ, ಮತ್ತೆ ತೆರೆಯಿತು. ಎರಡು ಕಥೋಲಿಕ ಚರ್ಚುಗಳಲ್ಲಿ ಮಡಿದವರ ಪೈಕಿ 167 ಮಂದಿಯ ಹೆಸರುಗಳು ವಿಶ್ವಾಸದ ಸಾಕ್ಷಿಗಳ ಪಟ್ಟಿಗೆ ಸೇರಿವೆ ಎಂದು ಕಾರ್ಡಿನಲ್ 2025ರ ಏಪ್ರಿಲ್‌ನಲ್ಲಿ ತಿಳಿಸಿದರು. ಕಟುವಾಪಿಟಿಯದಲ್ಲಿ ಪುನರುತ್ಥಿತ ಯೇಸುವಿನ ಪ್ರತಿಮೆಯ ಮೇಲೆ ಸಿಡಿದಿದ್ದ ರಕ್ತವನ್ನು ತೊಳೆಯಲಿಲ್ಲ. ಪ್ರತಿಮೆಯನ್ನು ಹಾಗೆಯೇ ಗಾಜಿನೊಳಗೆ ಇಟ್ಟಿದ್ದಾರೆ.