ಪೆನ್ಸಿಲ್ ಮಾರಿದವರಿಗೆ ಬಡ್ಡಿ, ವಿಷ ತೊಳೆದವರಿಗೆ ಬರೀ ಬಾಕಿ

ಅಮೆರಿಕದ ಒಕ್ಕೂಟ ಸರ್ಕಾರಕ್ಕೆ ಒಬ್ಬ ಅಂಗಡಿಯವ ಪೆನ್ಸಿಲ್ ಪೆಟ್ಟಿಗೆಗಳನ್ನು ಮಾರಿದ ಎಂದುಕೊಳ್ಳಿ. ಬಿಲ್ ಸರಿಯಾಗಿದೆ, ಸರಕನ್ನು ಇಲಾಖೆ ಒಪ್ಪಿಕೊಂಡಿದೆ. 30 ದಿನ ಕಳೆದರೂ ಹಣ ಬರದಿದ್ದರೆ ಮರುದಿನದಿಂದಲೇ ಬಡ್ಡಿ ಬೆಳೆಯತೊಡಗುತ್ತದೆ. ಅಂಗಡಿಯವ ಅರ್ಜಿ ಹಾಕಬೇಕಿಲ್ಲ, ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಅಸಲಿನ ಜೊತೆಗೆ ಬಡ್ಡಿಯನ್ನೂ ಲೆಕ್ಕ ಹಾಕಿ ಕೊಡುವುದು ಇಲಾಖೆಯ ಹೊಣೆ. ಕೊಡದೆ ಸುಮ್ಮನಿದ್ದರೆ ಅವನು 40 ದಿನದೊಳಗೆ ಬರೆದು ಕೇಳಬಹುದು. ಆಗ ಬಡ್ಡಿಯಷ್ಟೇ ಮೊತ್ತದ ಹೆಚ್ಚುವರಿ ದಂಡವೂ ಸೇರುತ್ತದೆ: ಕನಿಷ್ಠ 25 ಡಾಲರ್, ಗರಿಷ್ಠ 5,000. ಇದು 1982ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಸಕಾಲ ಪಾವತಿ ಕಾಯ್ದೆಯ ಸಾರ. ಸರ್ಕಾರದ ಜೊತೆ ವ್ಯವಹಾರ ಮಾಡುವ ಸಣ್ಣವರಿಗೆ ಇಷ್ಟು ಗಟ್ಟಿಯಾದ ರಕ್ಷಣೆ ಕೊಟ್ಟ ಕಾನೂನುಗಳು ಹೆಚ್ಚಿಲ್ಲ. ಅದನ್ನು ಮೆಚ್ಚಲೇಬೇಕು.

ಆದರೆ ಈ ಕಾಯ್ದೆಯನ್ನು ಜಾರಿಗೆ ತರಲು ಶ್ವೇತಭವನದ ಬಜೆಟ್ ಕಚೇರಿ ಹೊರಡಿಸಿದ ನಿಯಮಾವಳಿಯನ್ನು ತೆರೆದು ನೋಡಿ. ಅದರ ಮೊದಲ ವಿಧಿಯಲ್ಲೇ ವಿನಾಯಿತಿಗಳಿವೆ. ವಿಪತ್ತು ಪರಿಸ್ಥಿತಿಗೆ ಸಂಬಂಧಿಸಿದ ಪಾವತಿಗಳು, ಸೇನೆಯ ತುರ್ತು ಕಾರ್ಯಾಚರಣೆಯ ಪಾವತಿಗಳು, ಅಪಾಯಕಾರಿ ವಸ್ತು ಸೋರಿದಾಗ ಅಥವಾ ಸೋರುವ ಭೀತಿ ಇದ್ದಾಗ ಮಾಡಿಸಿದ ಕೆಲಸದ ಪಾವತಿಗಳು, ಇವಕ್ಕೆ ನಿಯಮಾವಳಿ ಅನ್ವಯಿಸುವುದಿಲ್ಲ. ಪೆನ್ಸಿಲ್ ಮಾರಿದವನಿಗೆ ಹಕ್ಕಾಗಿರುವ ಬಡ್ಡಿಯನ್ನು, ಸೋರುವ ಪೀಪಾಯಿಯ ಮುಂದೆ ಕೆಲಸಗಾರರನ್ನು ನಿಲ್ಲಿಸಿದವನು ಹಕ್ಕೆಂದು ಕೇಳುವಂತಿಲ್ಲ. ಇದು ಅನ್ಯಾಯ. ಇದನ್ನು ತೆಗೆದುಹಾಕಬೇಕು ಎಂಬುದೇ ನನ್ನ ವಾದ.

ಈ ಕೆಲಸ ಮಾಡುವವರು ಯಾರು, ಹೇಗೆ ಮಾಡುತ್ತಾರೆ ಎಂಬುದು ತಿಳಿಯದಿದ್ದರೆ ಅನ್ಯಾಯದ ಆಳ ಕಾಣುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ಹೂತಿದ್ದ ರಾಸಾಯನಿಕಗಳು ಮನೆಗಳ ನೆಲಮಾಳಿಗೆಗೆ ಒಸರಿದ ಮೇಲೆ, 1980ರ ಡಿಸೆಂಬರಿನಲ್ಲಿ ಸೂಪರ್‌ಫಂಡ್ ಕಾಯ್ದೆ ಬಂತು. ಅದರಡಿ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ತುರ್ತು ತೆರವು ಕಾರ್ಯಾಚರಣೆಗಳನ್ನು ನಡೆಸುತ್ತದೆ. ಮಾಲೀಕ ಬಿಟ್ಟುಹೋದ ಲೋಹಲೇಪನದ ಕಾರ್ಖಾನೆಯಲ್ಲಿ ಆಸಿಡ್ ತೊಟ್ಟಿಗಳು ತುಕ್ಕು ಹಿಡಿದಿರುತ್ತವೆ. ಮನೆಯೊಂದರಲ್ಲಿ ಪಾದರಸ ಚೆಲ್ಲಿ ಕಂಬಳಿ, ಹಾಸಿಗೆಗಳೆಲ್ಲ ಕೆಟ್ಟಿರುತ್ತವೆ. ಇಪಿಎ ಅಧಿಕಾರಿ ಸ್ಥಳದಲ್ಲಿ ನಿಂತು ನಿರ್ದೇಶನ ಕೊಡುತ್ತಾರೆ. ಸಲಿಕೆ ಹಿಡಿಯುವವರು, ಪೀಪಾಯಿ ಎತ್ತುವವರು ಗುತ್ತಿಗೆ ಕಂಪನಿಯ ಜನ. ಕರೆ ಬಂದ ಕೆಲವೇ ಗಂಟೆಗಳಲ್ಲಿ ಸ್ಥಳದಲ್ಲಿರುತ್ತೇವೆ ಎಂದು ಅವರು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ. ಹಳೆಯ ಬಾಕಿ ಬಂದಿಲ್ಲ, ಈ ಸಲ ಬರಲಾರೆವು ಎನ್ನುವ ಸ್ವಾತಂತ್ರ್ಯ ಅವರಿಗಿಲ್ಲ.

ಹಣ ಹೊರಡುವುದು ಮೊದಲು ಅವರ ಕಿಸೆಯಿಂದ. ಇಂಥ ಕೆಲಸಕ್ಕೆ 40 ಗಂಟೆಗಳ ವಿಶೇಷ ತರಬೇತಿ ಪಡೆದವರೇ ಬೇಕು. ಅಂಥವರು ಅಗ್ಗಕ್ಕೆ ಸಿಗುವುದಿಲ್ಲ, ರಾತ್ರಿ ಪಾಳಿಗೆ ಓವರ್‌ಟೈಮ್ ಬೇರೆ. ರಾಸಾಯನಿಕ ತಾಗಿದ ಉಡುಪು, ಕೈಗವಸುಗಳನ್ನು ಮತ್ತೆ ಬಳಸುವಂತಿಲ್ಲ. ಮಣ್ಣಿನ ಪ್ರತಿ ಮಾದರಿಗೂ ಪ್ರಯೋಗಾಲಯ ಶುಲ್ಕ ಕೇಳುತ್ತದೆ. ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವ ಲಾರಿಯೇ ಆಗಬೇಕು, ಅದನ್ನು ಸುಡುವ ಅಥವಾ ಹೂಳುವ ಕೇಂದ್ರಕ್ಕೂ ಶುಲ್ಕ ಕಟ್ಟಬೇಕು. ಕೆಲಸ ನಿರ್ಮಾಣದ ಸ್ವರೂಪದ್ದಾದರೆ ಕೂಲಿಯನ್ನು ವಾರವಾರ ಕೊಡಲೇಬೇಕೆಂದು ಒಕ್ಕೂಟದ ಕಾನೂನು ಹೇಳುತ್ತದೆ. ವಾರಕ್ಕೊಮ್ಮೆ ಕೊಡು ಎಂದು ಆಜ್ಞೆ ಮಾಡುವ ಸರ್ಕಾರ, ತಾನು ತಿಂಗಳುಗಟ್ಟಲೆ ಕೊಡದಿದ್ದರೂ ಕೇಳಬೇಡ ಎನ್ನುವುದು ಯಾವ ನ್ಯಾಯ?

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಡ್ಗಿಚ್ಚುಗಳು ಊರುಗಳನ್ನೇ ಸುಟ್ಟವು. ಬೂದಿಯ ನಡುವೆ ಗ್ಯಾಸ್ ಸಿಲಿಂಡರ್, ಕೀಟನಾಶಕ, ಬಣ್ಣದ ಡಬ್ಬಿ, ವಿದ್ಯುತ್ ಕಾರುಗಳ ಲಿಥಿಯಂ ಬ್ಯಾಟರಿಗಳು ಬಿದ್ದಿದ್ದವು. ಬೆಂಕಿ ಕಂಡ ಲಿಥಿಯಂ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಲ್ಲದು. ಇದೆಲ್ಲವನ್ನೂ 30 ದಿನದಲ್ಲಿ ತೆರವು ಮಾಡಬೇಕೆಂದು ಇಪಿಎಗೆ ಗಡುವು ಬಂತು. 9,000ಕ್ಕೂ ಹೆಚ್ಚು ಮನೆಗಳ ನಿವೇಶನಗಳನ್ನು ಆ ಗಡುವಿನೊಳಗೇ ಮುಗಿಸಲಾಯಿತು. ಒಂದು ಬಿಲ್ಲನ್ನು ಪಾಸು ಮಾಡಲು ಕಾನೂನು ಕಚೇರಿಗೆ ಕೊಟ್ಟಿರುವುದೂ ಅದೇ 30 ದಿನ. ಊರಿಗೆ ಊರನ್ನೇ ಅಷ್ಟರಲ್ಲಿ ಶುಚಿಗೊಳಿಸಲು ಸಾಧ್ಯವಾಗುವುದಾದರೆ, ಮೇಜಿನ ಮುಂದೆ ಕುಳಿತು ಬಿಲ್ ನೋಡಿ ಮುಗಿಸಲು ಯಾಕೆ ಆಗುವುದಿಲ್ಲ?

ತುರ್ತಿನಲ್ಲಿ ದಾಖಲೆ ಅಸ್ತವ್ಯಸ್ತವಾಗಿರುತ್ತದೆ, ಖರ್ಚು ಪರಿಶೀಲಿಸಲು ಸಮಯ ಬೇಕು, ಅವಸರದಲ್ಲಿ ಹಣ ಕೊಟ್ಟರೆ ಮೋಸವಾಗುತ್ತದೆ ಎಂಬುದು ವಿನಾಯಿತಿಯನ್ನು ಸಮರ್ಥಿಸುವವರ ವಾದ. ಮೋಸದ ಭಯ ಸುಳ್ಳಲ್ಲ. ವಿಪತ್ತಿನ ಬೆನ್ನಿಗೆ ಲೂಟಿಕೋರರೂ ಬರುತ್ತಾರೆ. ಆದರೆ ಸೂಪರ್‌ಫಂಡ್ ಸ್ಥಳಗಳಲ್ಲಿ ಖರ್ಚಿನ ಲೆಕ್ಕ ಕೊನೆಗೆ ಒಟ್ಟಾಗಿ ಬಂದು ಬೀಳುವುದಿಲ್ಲ. ಆ ದಿನ ಎಷ್ಟು ಜನ, ಎಷ್ಟು ಗಂಟೆ, ಯಾವ ಯಂತ್ರ, ಯಾವ ಸಾಮಗ್ರಿ ಎಂಬುದನ್ನು ಗುತ್ತಿಗೆದಾರ ದಿನವಹಿ ವೆಚ್ಚದ ನಮೂನೆಯಲ್ಲಿ ಬರೆದು ಕೊಡಬೇಕು, ಅದನ್ನು ಸ್ಥಳದಲ್ಲಿರುವ ಇಪಿಎ ಅಧಿಕಾರಿ ಪರಿಶೀಲಿಸಬೇಕು. ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ಎಂಬಿ, ಅಂದರೆ ಅಳತೆ ಪುಸ್ತಕ ಬರೆಯುವುದಿದೆಯಲ್ಲ, ಅದಕ್ಕಿಂತಲೂ ಬಿಗಿಯಾದ ಕ್ರಮ ಇದು. ಪ್ರತಿ ದಿನದ ಖರ್ಚನ್ನು ಕಣ್ಣಾರೆ ನೋಡಿದ ಅಧಿಕಾರಿ ಇರುವಾಗ ಪರಿಶೀಲನೆಯ ನೆಪ ನಿಲ್ಲುವುದಿಲ್ಲ.

ಇಷ್ಟಕ್ಕೂ ಸಕಾಲ ಪಾವತಿ ನಿಯಮದಲ್ಲೇ ಸರ್ಕಾರಕ್ಕೆ ಬೇಕಾದಷ್ಟು ಕಾವಲಿದೆ. ಗಡಿಯಾರ ಓಡತೊಡಗುವುದು ಸರಿಯಾದ ಬಿಲ್ ತಲುಪಿ, ಕೆಲಸ ಒಪ್ಪಿತವಾದ ಮೇಲೆ. ಬಿಲ್ಲಿನಲ್ಲಿ ದೋಷವಿದ್ದರೆ ಕಾರಣ ಹೇಳಿ 7 ದಿನದಲ್ಲಿ ಹಿಂದಕ್ಕೆ ಕಳಿಸಬಹುದು. ಮೊತ್ತದ ಬಗ್ಗೆ ತಕರಾರಿದ್ದರೆ, ಆ ಭಾಗಕ್ಕೆ ತಡದ ಬಡ್ಡಿ ಬೀಳುವುದಿಲ್ಲ. ಇಷ್ಟೆಲ್ಲ ಇದ್ದೂ ಪೂರ್ತಿ ವಿನಾಯಿತಿ ಯಾಕೆ ಬೇಕು? ಪೆನ್ಸಿಲ್ ಮಾರಾಟದಲ್ಲಿ ಮೋಸ ತಡೆಯಲು ಸಾಕಾದ ಕಾವಲು ಇಲ್ಲಿ ಸಾಲುವುದಿಲ್ಲವೆಂದರೆ, ಕಾವಲನ್ನು ಗಟ್ಟಿ ಮಾಡಿ. ಪ್ರಾಮಾಣಿಕವಾಗಿ ದುಡಿದವರ ಬಡ್ಡಿಯನ್ನು ಕಸಿಯಬೇಡಿ.

ನನಗೆ ಎಲ್ಲಕ್ಕಿಂತ ಅಸಹ್ಯವೆನಿಸುವುದು ಇನ್ನೊಂದು ಸಂಗತಿ. ವಿಷ ಚೆಲ್ಲಿದವನಿಂದ ಖರ್ಚು ವಸೂಲಿ ಮಾಡುವಾಗ ಇದೇ ಸರ್ಕಾರ ಬಡ್ಡಿ ಬಿಡುವುದಿಲ್ಲ. ಸೂಪರ್‌ಫಂಡ್ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ವಸೂಲಿಯ ಮೊತ್ತದಲ್ಲಿ ಬಡ್ಡಿಯೂ ಸೇರುತ್ತದೆ. ಆದೇಶವನ್ನು ಸಕಾರಣವಿಲ್ಲದೆ ಧಿಕ್ಕರಿಸಿದವರ ಮೇಲೆ ಖರ್ಚಿನ ಮೂರು ಪಟ್ಟಿನವರೆಗೆ ದಂಡನೆ ಹೇರಬಹುದು. 2023ರ ಫೆಬ್ರುವರಿಯಲ್ಲಿ ಒಹಾಯೊದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ರೈಲು ಹಳಿ ತಪ್ಪಿ, ಟ್ಯಾಂಕರುಗಳಲ್ಲಿದ್ದ ವಿನೈಲ್ ಕ್ಲೋರೈಡನ್ನು ಸುಟ್ಟ ಮೇಲೆ, ನಾರ್ಫೋಕ್ ಸದರ್ನ್ ಕಂಪನಿಗೆ ಇಪಿಎ ಇದೇ ಎಚ್ಚರಿಕೆ ಕೊಟ್ಟಿತು. ಅದು ಸರಿಯಾದ ನಿಲುವು, ಕೆಡಿಸಿದವರೇ ತೆರಬೇಕು. ಆದರೆ ಕೆಡಿಸಿದವನಿಂದ ಕಾಲಕ್ಕೆ ಬೆಲೆ ಕೇಳುವ ಸರ್ಕಾರ, ತೊಳೆದವನ ಕಾಲಕ್ಕೆ ಬೆಲೆಯಿಲ್ಲ ಎನ್ನುವಂತಿಲ್ಲ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಾಡಿ ಆ ಕೆಲಸಕ್ಕೆ ನಿಜವಾಗಿ ಸಾಲ ಕೊಟ್ಟವನು ಗುತ್ತಿಗೆದಾರ.

ಇದೇ ನಿಯಮಾವಳಿಯ ಇನ್ನೊಂದು ವಿಧಿ, ಅಪಾಯಕಾರಿ ವಸ್ತು ಸೋರಿಕೆಯ ಬಿಲ್ಲುಗಳನ್ನು ದಾಖಲೆ ಹೊಂದಿದ ಕೂಡಲೇ, 30 ದಿನ ಕಾಯದೆ ಕೊಡಬಹುದು ಎನ್ನುತ್ತದೆ. ಕೆಲಸದ ತುರ್ತು ಏನೆಂದು ಬರೆದವರಿಗೆ ಗೊತ್ತಿತ್ತು ಎಂದಾಯಿತು. ಆದರೆ ಬೇಗ ಕೊಡುವುದು ಅಧಿಕಾರಿಯ ಇಚ್ಛೆಗೆ ಬಿಟ್ಟದ್ದು, ತಡ ಮಾಡಿದರೆ ಕೇಳುವವರಿಲ್ಲ. ಒಳ್ಳೆಯ ಅಧಿಕಾರಿ ಸಿಕ್ಕರೆ ಹಣ ಬಂದೀತು, ಒಪ್ಪಂದದ ಷರತ್ತಿನಂತೆ ಬಡ್ಡಿಯೂ ಬಂದೀತು. ಹಕ್ಕು ಇರಬೇಕಾದ ಜಾಗದಲ್ಲಿ ಅಧಿಕಾರಿಯ ಒಳ್ಳೆಯತನವನ್ನು ನೆಚ್ಚಿಕೊಳ್ಳಬೇಕಾದ ಸ್ಥಿತಿ ಯಾವ ವ್ಯಾಪಾರಿಗೂ ಬೇಡ.

2025ರ ಕೊನೆಯಲ್ಲಿ ಅನುದಾನ ಮಂಜೂರಾಗದೆ ಒಕ್ಕೂಟ ಸರ್ಕಾರ 43 ದಿನ ಬಾಗಿಲು ಹಾಕಿತು. ನಿಧಿ ತಾತ್ಕಾಲಿಕವಾಗಿ ಇಲ್ಲ ಎಂಬ ಕಾರಣಕ್ಕೆ ಬಡ್ಡಿಯ ಹೊಣೆ ತಪ್ಪುವುದಿಲ್ಲ ಎಂದು 1982ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ವಿನಾಯಿತಿಯ ಪಟ್ಟಿಯಲ್ಲಿ ಬಿದ್ದವರಿಗೆ ಆ ಆಸರೆಯೂ ಇಲ್ಲ. ದೊಡ್ಡ ಕಂಪನಿಗಳು ಇಂಥ ವಿಳಂಬವನ್ನು ತಡೆದುಕೊಳ್ಳುತ್ತವೆ. ಹತ್ತಿಪ್ಪತ್ತು ಜನರ ಸ್ಥಳೀಯ ಕಂಪನಿ ತಡೆದುಕೊಳ್ಳುವುದಿಲ್ಲ. ಅದು ಮುಂದಿನ ಟೆಂಡರಿಗೆ ಬರುವುದಿಲ್ಲ, ಬಂದರೂ ತಡದ ಖರ್ಚನ್ನು ದರದಲ್ಲೇ ಸೇರಿಸಿ ಬರುತ್ತದೆ. ಉಳಿಸಿದೆವೆಂದುಕೊಂಡ ಬಡ್ಡಿಯನ್ನು ತೆರಿಗೆದಾರ ಆಗ ಬೇರೆ ದಾರಿಯಲ್ಲಿ ತೆರುತ್ತಾನೆ. ಪಾದರಸ ಚೆಲ್ಲಿದ ಮನೆಯವರು ದೂರದೂರಿನ ಲಾರಿಗಾಗಿ ಕಾಯುತ್ತಾರೆ.

ಕನ್ನಡಿಗರಿಗೆ ಇದು ಪರಿಚಿತ ಸಂಕಟ. ಕರ್ನಾಟಕದಲ್ಲಿ ಸರ್ಕಾರಗಳು ಬದಲಾದರೂ ರಾಜ್ಯ ಗುತ್ತಿಗೆದಾರರ ಸಂಘ ಬಾಕಿ ಬಿಲ್ಲಿಗಾಗಿ ದನಿ ಎತ್ತುವುದು ನಿಂತಿಲ್ಲ. ಕಾಗದದ ಮೇಲೆ, ಬಡ್ಡಿಯ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಕಠಿಣ: 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ 45 ದಿನಗಳ ಮಿತಿ ಹಾಕಿ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ. ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುತ್ತದೆಯೇ ಎಂಬ ವ್ಯಾಜ್ಯ ಕೋರ್ಟುಗಳಲ್ಲಿ ನಡೆದಿದೆ. ಬಡ್ಡಿ ಕೇಳಿದರೆ ಮುಂದಿನ ಕೆಲಸ ಸಿಗುವುದಿಲ್ಲವೆಂಬ ಭಯ ಬೇರೆ. ಅದಕ್ಕೇ ಅಮೆರಿಕದ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು, ಕೇಳದೆಯೇ ಬಡ್ಡಿ ಬರುವ ಏರ್ಪಾಡು. ಅದನ್ನು ನಾವು ಕಲಿಯಬೇಕು, ವಿನಾಯಿತಿಯನ್ನಲ್ಲ.

ಈ ತಪ್ಪು ಇರುವುದು ನಿಯಮಾವಳಿಯಲ್ಲಿ. ಬರೆದ ಕಚೇರಿಯೇ ತಿದ್ದಲಿ. ಅಪಾಯಕಾರಿ ವಸ್ತುಗಳ ಮಾತನ್ನು ವಿನಾಯಿತಿಯ ಸಾಲಿನಿಂದ ತೆಗೆಯಲಿ. ಬೇಗ ಕೊಡುವ ವಿಧಿಯಲ್ಲಿ 'ಕೊಡಬಹುದು' ಎಂದಿರುವಲ್ಲಿ 'ಕೊಡಬೇಕು' ಎಂದು ಬರೆಯಲಿ. ಅಷ್ಟಕ್ಕೆ ಮನಸ್ಸಿಲ್ಲದಿದ್ದರೆ ರಕ್ಷಣಾ ಇಲಾಖೆಯ ಖರೀದಿ ನಿಯಮವನ್ನಾದರೂ ನೋಡಲಿ. ಅಲ್ಲಿ ಈ ವಿನಾಯಿತಿ ತಾನಾಗಿ ಸಿಗುವುದಿಲ್ಲ: ಸಹಜ ವ್ಯವಹಾರ ನಡೆಸಲಾಗದ ಸ್ಥಿತಿ ಇದೆಯೆಂದು ಹಿರಿಯ ಅಧಿಕಾರಿ ಹಣಕಾಸು ಅಧಿಕಾರಿಯ ಜೊತೆ ಸಮಾಲೋಚಿಸಿ ತೀರ್ಮಾನಿಸಬೇಕು. ಯುದ್ಧಭೂಮಿಯ ಬಿಲ್ಲಿಗೇ ಇಂಥ ಕಟ್ಟುಪಾಡು ಇರುವಾಗ, ನಗರವೊಂದರ ಕೈಬಿಟ್ಟ ಕಾರ್ಖಾನೆಯ ಆಸಿಡ್ ತೊಟ್ಟಿ ತೊಳೆದ ಬಿಲ್ಲಿಗೂ ಅಷ್ಟಾದರೂ ಇರಲಿ.